ಕೆಂಪು ಬೆಟ್ಟಕ್ಕೆ ನೀಲಿಯ ಹೆಸರು

ಸ್ಕಾಟ್ಲೆಂಡಿನ ಉತ್ತರದ ಹೈಲ್ಯಾಂಡ್ಸ್ ಪ್ರದೇಶದಲ್ಲಿ ಏವಿಮೋರ್ ಎಂಬ ಪುಟ್ಟ ಊರಿದೆ. ರೈಲಿನಿಂದ ಇಳಿದವರಿಗೆ ಎರಡೂ ಕಡೆ ಬೆಟ್ಟಸಾಲುಗಳು ಕಾಣುತ್ತವೆ. ನಡುವೆ ಸ್ಪೇ ನದಿ. ಗೇಲಿಕ್ ಭಾಷೆಯನ್ನಾಡುವ ಜನ ಪಶ್ಚಿಮದ ಸಾಲನ್ನು ‘ಮೊನಾ ಲೀಯ’, ಅಂದರೆ ಬೂದು ಬೆಟ್ಟಗಳು ಎಂದು ಕರೆದರು. ಪೂರ್ವದ್ದು ‘ಮೊನಾ ರೂವ’, ಅಂದರೆ ಕೆಂಪು ಬೆಟ್ಟಗಳು. ಅಲ್ಲಿನ ಗ್ರಾನೈಟ್ ಕಲ್ಲಿಗೆ ನಸುಗೆಂಪು ಬಣ್ಣವಿರುವುದೇ ಇದಕ್ಕೆ ಕಾರಣ.

ಆದರೆ ಇಂದು ಆ ಕೆಂಪು ಸಾಲನ್ನು ಜಗತ್ತು ಬಲ್ಲುದು ‘ಕೇರ್ನ್‌ಗಾರ್ಮ್ಸ್’ ಎಂದು. ಕೇರ್ನ್‌ಗಾರ್ಮ್ ಎಂಬುದು ಅದೇ ಸಾಲಿನ 1,245 ಮೀಟರ್ ಎತ್ತರದ ಒಂದು ಶಿಖರ. ‘ಗಾರ್ಮ್’ ಎಂದರೆ ನೀಲಿ! ಹೊರಗಿನಿಂದ ಬಂದವರು ಒಂದು ಶಿಖರದ ಹೆಸರನ್ನು ಇಡೀ ಸಾಲಿಗೆ ಅಂಟಿಸಿದರು. ಹೀಗೆ ಕೆಂಪು ಬೆಟ್ಟಗಳು ನೀಲಿ ಬೆಟ್ಟಗಳಾದವು. ಭಾಷೆ ಬಾರದವರಿಗೆ ಈ ವಿರೋಧ ಕಾಣುವುದೂ ಇಲ್ಲ.

ನಾಲ್ಕಾರು ಪದ ಕಲಿತರೆ ಸಾಕು, ಇಲ್ಲಿನ ನಕಾಶೆ ಮಾತನಾಡತೊಡಗುತ್ತದೆ. ‘ಬೆನ್’ ಎಂದರೆ ಬೆಟ್ಟ, ‘ಅಲ್ಟ್’ ಎಂದರೆ ತೊರೆ, ‘ಮೋರ್’ ದೊಡ್ಡದು, ‘ಬೆಗ್’ ಚಿಕ್ಕದು. ‘ಇನ್ವರ್’ ಎಂದರೆ ನದೀಮುಖ. ನೆಸ್ ನದಿ ಕಡಲು ಸೇರುವಲ್ಲಿರುವ ಊರು ಇನ್ವರ್ನೆಸ್. ಬೆಟ್ಟದ ಮಗ್ಗುಲಲ್ಲಿ ಹಿಮನದಿ ಕೊರೆದ ಗುಂಡನೆಯ ಕಣಿವೆಗೆ ‘ಕೊರಿ’ ಎನ್ನುತ್ತಾರೆ. ಅದರ ಮೂಲಾರ್ಥ ಕೊಪ್ಪರಿಗೆ!

ಹೆಸರುಗಳಲ್ಲಿ ಜನಜೀವನವೂ ಅಡಗಿದೆ. ಗ್ಲೆನ್‌ಕೋ ಕಣಿವೆಯ ಬಳಿ ನಿಂತ ‘ಬುವಾಖಲ್ ಎಟಿವ್ ಮೋರ್’ ಎಂಬ ಬೆಟ್ಟ ಎಟಿವ್ ಕಣಿವೆಯ ದೊಡ್ಡ ದನಗಾಹಿ. ಪಕ್ಕದಲ್ಲೇ ಚಿಕ್ಕ ದನಗಾಹಿಯೂ ಉಂಟು. ‘ಆನ್ ಚಲಖ್’ ಎಂಬ ಬೆಟ್ಟದ ಹೆಸರಿಗೆ ಕುಲುಮೆ ಎಂದರ್ಥ. ಬ್ರಿಟನ್ನಿನ ಅತಿ ಎತ್ತರದ ಬೆನ್ ನೆವಿಸ್ (1,345 ಮೀಟರ್) ಬುಡದಲ್ಲಿ ಹರಿಯುವುದು ‘ಗಿರಣಿಯ ತೊರೆ’. ಪಶ್ಚಿಮ ಕರಾವಳಿಯ ಆಪಲ್‌ಕ್ರಾಸ್‌ಗೆ ಹೋಗುವ ಘಟ್ಟದ ದಾರಿಯ ಹೆಸರು ‘ಬ್ಯಾಲಖ್ ನ ಬಾ’, ಅಂದರೆ ದನಗಳ ಕಣಿವೆದಾರಿ. ಈಗ ಅಲ್ಲಿ ಓಡಾಡುವುದು ಪ್ರವಾಸಿಗರ ಕಾರುಗಳು. ದನಗಳ ನೆನಪು ಹೆಸರಿನಲ್ಲಿ ಮಾತ್ರ ಉಳಿದಿದೆ.

ಈ ಹೆಸರುಗಳು ಮೂಕವಾದದ್ದು ಹೇಗೆ? 18 ಮತ್ತು 19ನೇ ಶತಮಾನಗಳಲ್ಲಿ ಜಮೀನ್ದಾರರು ಕುರಿಸಾಕಣೆಗಾಗಿ ರೈತರನ್ನು ಒಕ್ಕಲೆಬ್ಬಿಸಿದರು. 1872ರ ಶಿಕ್ಷಣ ಕಾಯಿದೆ ಶಾಲೆಯನ್ನು ಕಡ್ಡಾಯಗೊಳಿಸಿತು. ಆದರೆ ಅದರಲ್ಲಿ ಗೇಲಿಕ್‌ಗೆ ಸ್ಥಾನವಿರಲಿಲ್ಲ. ಮನೆಮಾತನ್ನಾಡಿದ ಮಕ್ಕಳು ಅನೇಕ ಶಾಲೆಗಳಲ್ಲಿ ಶಿಕ್ಷೆ ಅನುಭವಿಸಿದರು. 1891ರಲ್ಲಿ ಸುಮಾರು 2.5 ಲಕ್ಷ ಮಂದಿ ಆಡುತ್ತಿದ್ದ ಭಾಷೆ 2011ರ ಹೊತ್ತಿಗೆ ಸುಮಾರು 57 ಸಾವಿರ ಮಂದಿಯಲ್ಲಿ ಉಳಿದಿತ್ತು. ಎಷ್ಟೋ ಮನೆಗಳಲ್ಲಿ ತಾತ ಇಟ್ಟ ಹೆಸರಿನ ಅರ್ಥ ಮೊಮ್ಮಗನಿಗೆ ತಿಳಿಯದಾಯಿತು.

ಶಾಲೆಯಲ್ಲಿ ಕಳೆದುಕೊಂಡದ್ದನ್ನು ಶಾಲೆಯಲ್ಲೇ ಮರಳಿ ಪಡೆಯುವ ಯತ್ನವೂ ನಡೆದಿದೆ. 1985ರಲ್ಲಿ ಗ್ಲಾಸ್ಗೋ ಮತ್ತು ಇನ್ವರ್ನೆಸ್‌ಗಳಲ್ಲಿ ಗೇಲಿಕ್ ಮಾಧ್ಯಮದ ಪ್ರಾಥಮಿಕ ತರಗತಿಗಳು ಆರಂಭವಾದವು. ತಮಗೇ ಬಾರದ ಭಾಷೆಯನ್ನು ಕಲಿಯಲೆಂದು ಮಕ್ಕಳನ್ನು ಅಂಥ ತರಗತಿಗಳಿಗೆ ಕಳಿಸುವ ತಂದೆತಾಯಿಗಳೂ ಇದ್ದಾರೆ.

2003ರಲ್ಲಿ ಸ್ಥಾಪನೆಯಾದ ಕೇರ್ನ್‌ಗಾರ್ಮ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಗೇಲಿಕ್‌ನಲ್ಲೂ ಹೆಸರಿದೆ. ಅದರಲ್ಲಿ ಬೆಟ್ಟಗಳು ಇಂದಿಗೂ ಕೆಂಪೇ. ಬಣ್ಣಗಳ ಹೆಸರು ಕಲಿತ ಒಂದನೇ ತರಗತಿಯ ಮಗುವೂ ಆ ಎರಡು ಹೆಸರುಗಳ ವ್ಯತ್ಯಾಸವನ್ನು ಹೇಳಬಲ್ಲದು.