ಆ ದಿನದ ಗಾರೆಗೆ ಆ ದಿನದ ಬಣ್ಣ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ನಮ್ಮಂಥ ಕ್ರೈಸ್ತ ಮನೆಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಆಫೀಸಿನಲ್ಲಿ ವರ್ಷಾಂತ್ಯದ ಲೆಕ್ಕ, ಸಂಜೆ ಚರ್ಚಿನಲ್ಲಿ ಗಾಯನ ತಂಡದ ಅಭ್ಯಾಸ, ಭಾನುವಾರ ಗೋದಲಿಗೆ ಹುಲ್ಲು, ಬಿದಿರು ಹೊಂದಿಸುವ ಓಡಾಟ, ನಡುವೆ ಕಮರ್ಷಿಯಲ್ ಸ್ಟ್ರೀಟಿನ ನೂಕುನುಗ್ಗಲು. ಬಾಗಿಲಿಗೆ ನಕ್ಷತ್ರ ತೂಗುಹಾಕುವ ಹೊತ್ತಿಗೆ ಮೈಮನಸ್ಸು ಎರಡೂ ಸೋತಿರುತ್ತವೆ. ಈ ಸಲ ಹಬ್ಬಕ್ಕೆ ಮೊದಲೇ ರಜೆ ಹಾಕಿ ಮಂಗಳೂರಿನ ಗೆಳೆಯನ ಮನೆಗೆ ಹೊರಟೆ. "ಅಲ್ಲೇನು ಗದ್ದಲ ಕಮ್ಮೀನಾ ರೀ?" ಎಂದಳು ಹೆಂಡತಿ. ಅವಳು ಮಕ್ಕಳೊಂದಿಗೆ 24ಕ್ಕೆ ಬರುವುದೆಂದಾಯಿತು.

ಹಗಲು ರೈಲು ಹಿಡಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿ.ಮೀ. ಘಟ್ಟದ ಹಾದಿ, 57 ಸುರಂಗಗಳು. ಗಾಡಿ ಆಮೆನಡಿಗೆಗೆ ಇಳಿಯಿತು. ಒಂದೊಂದು ಸುರಂಗ ಹೊಕ್ಕಾಗಲೂ ಪಕ್ಕದ ಬೋಗಿಯ ಹುಡುಗರು ಓ ಎಂದು ಕೂಗುತ್ತಿದ್ದರು. ಹೊರಗೆ ಬಂದರೆ ಕೆಳಗೆ ಕಮರಿ, ಕಣ್ಣು ಹಾಯಿಸಿದಷ್ಟೂ ಕಾಡು. ಮೊಬೈಲಿಗೆ ಸಿಗ್ನಲ್ಲೇ ಇಲ್ಲ. ಯಾರ ಮನೆಗೆ ಕ್ಯಾರಲ್ಸ್ ಯಾವತ್ತು ಎಂಬ ಗಾಯನ ತಂಡದ ಚರ್ಚೆ ಅರ್ಧಕ್ಕೇ ನಿಂತಿತು. ಮೊದಲ ಅರ್ಧ ಗಂಟೆ ಚಡಪಡಿಸಿದೆ. ಆಮೇಲೆ ಜೇಬಿನಲ್ಲಿದ್ದ ಜಪಸರ ಕೈಗೆ ಬಂತು. ಅದು ತಿಂಗಳಿಂದ ಅಲ್ಲೇ ಇತ್ತು.

ಗೆಳೆಯನ ಮನೆಯಲ್ಲಿ ಕುಸ್ವಾರಿನ ಸಂಭ್ರಮ. ಕರಾವಳಿಯ ಕ್ರೈಸ್ತರು ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಕುಸ್ವಾರ್ ಎನ್ನುತ್ತಾರೆ. ಗೆಳೆಯನ ತಾಯಿ ನೆಲದ ಮೇಲೆ ಹಳೆಯ ಪೇಪರ್ ಹರಡಿಕೊಂಡು ಕಿಡಿಯೊ ಮಾಡುತ್ತಿದ್ದರು. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಹೆಬ್ಬೆರಳಲ್ಲಿ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯ ಕಿಡಿಯೊ ತಯಾರು. ನಾನೂ ಕೂತೆ. ನನ್ನ ಅವಸರ ನೋಡಿ ಅವರು ನಕ್ಕರು: "ಎಂಥ ಗಡಿಬಿಡಿ ಮಾರಾಯ್ರೆ ನಿಮ್ಮದು? ಇವತ್ತು ಇಷ್ಟೇ. ನೆವ್ರ್ಯೊ ನಾಳೆಗೆ." ಮರುದಿನ ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೆ ಹೋಗಬೇಕಾದ ತಟ್ಟೆಗಳೂ ಮೂಲೆಯಲ್ಲಿ ಕಾದಿದ್ದವು.

ಬೆಳಿಗ್ಗೆ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲಿಗೆ ಹೋದೆ. ಹೊರಗಿನಿಂದ ಸರಳ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಮಾಡು, ಎಲ್ಲಿ ನೋಡಿದರೂ ಚಿತ್ರ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಇವನ್ನು ಬರೆದರು. ಮಾಡಿನ ಕ್ಯಾನ್ವಾಸ್ ಮೇಲೆ ಅಲೋಶಿಯಸ್ ಗೊನ್ಜಾಗನ ಬದುಕಿದೆ. ಸಿರಿವಂತಿಕೆ ಬಿಟ್ಟು ಬಂದ ಆತ 1591ರಲ್ಲಿ ರೋಮಿನ ರೋಗಿಗಳ ಆರೈಕೆ ಮಾಡುತ್ತಾ ತಾನೇ ಸೋಂಕು ತಗುಲಿ 23ರ ಹರೆಯದಲ್ಲಿ ತೀರಿಕೊಂಡ. ಗೋಡೆಯ ಮೇಲಿನವು ಫ್ರೆಸ್ಕೊ. ಹಸಿ ಗಾರೆಯ ಮೇಲೆ ಬರೆದ ಬಣ್ಣವನ್ನು ಗಾರೆ ಒಣಗುತ್ತಾ ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಆ ದಿನ ಬರೆಯಲಾಗುವಷ್ಟು ಜಾಗಕ್ಕೆ ಮಾತ್ರ ಗಾರೆ ಹಚ್ಚಬೇಕು, ಆ ದಿನವೇ ಬರೆದು ಮುಗಿಸಬೇಕು. ನಾಳೆಯ ಪಾಲನ್ನು ಇಂದೇ ಬರೆದಿಡಲು ಬರುವುದಿಲ್ಲ.

ಒಳಗೆ ಫೋಟೊ ತೆಗೆಯುವಂತಿಲ್ಲ. ಬೆಂಚಿನಲ್ಲಿ ಸುಮ್ಮನೆ ಕೂತೆ. ನಾಳೆಯ ಚಿಂತೆ ನಾಳೆಗಿರಲಿ ಎಂದು ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿದೆ. ಎಷ್ಟೋ ಸಲ ಕೇಳಿದ್ದ ಮಾತು. ಆದರೆ ನಾಳೆಯನ್ನು ನಿಜವಾಗಿ ನಾಳೆಗೆ ಬಿಟ್ಟು ದುಡಿದವನೊಬ್ಬನ ಕೈಕೆಲಸದ ಎದುರು ಕೂತಾಗ, ಅದು ಉಪದೇಶವೆನಿಸಲಿಲ್ಲ. ಕೆಲಸ ಮಾಡುವ ಕ್ರಮವೆನಿಸಿತು.

ಧರ್ಮಸಭೆಯ ಪಂಚಾಂಗದಲ್ಲೂ ಇದೇ ಕ್ರಮವಿದೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಸೇರಿದ್ದು ಆಗಮನ ಕಾಲ. ವಾರಕ್ಕೊಂದರಂತೆ ಮೋಂಬತ್ತಿ ಹಚ್ಚುತ್ತೇವೆ. ನಾಲ್ಕನ್ನೂ ಒಟ್ಟಿಗೆ ಹಚ್ಚುವುದಿಲ್ಲ. ಗುರುಗಳ ಪೂಜಾವಸ್ತ್ರ ನೇರಳೆ. ಆ ಭಾನುವಾರಗಳ ಬಲಿಪೂಜೆಯಲ್ಲಿ ಗ್ಲೋರಿಯಾ ಸ್ತುತಿಗೀತೆ ಇಲ್ಲ. ಹಬ್ಬದ ಖುಷಿಯನ್ನು ಮೊದಲೇ ಖರ್ಚು ಮಾಡಬೇಡಿ ಎಂಬ ಏರ್ಪಾಡಿದು. ಪೇಟೆಯಲ್ಲಿ ಮಾತ್ರ ನವೆಂಬರಿಗೇ ಹಬ್ಬ ಶುರುವಾಗಿ, 25ರ ಸಂಜೆಗೆ ಮುಗಿದೇ ಹೋಗಿರುತ್ತದೆ. ನಾವೂ ಪೇಟೆಯ ಪಂಚಾಂಗವನ್ನೇ ಹಿಡಿದು ದಣಿಯುತ್ತೇವೆ.

ಸಂಜೆ ಗೆಳೆಯನ ಧರ್ಮಕೇಂದ್ರದಲ್ಲಿ ಪಾಪನಿವೇದನೆಗೆ ಉದ್ದ ಸಾಲು. ಆಚೀಚೆಯ ಚರ್ಚುಗಳ ಗುರುಗಳೂ ಬಂದಿದ್ದರು. ಕಾಲೇಜು ಹುಡುಗಿಯರು, ಮೀನುಪೇಟೆಯಿಂದ ನೇರ ಬಂದ ಹೆಂಗಸು, ಕೊಲ್ಲಿ ದೇಶದಿಂದ ಹಬ್ಬಕ್ಕೆ ಬಂದವರು. ಯಾರಿಗೂ ಅವಸರವಿರಲಿಲ್ಲ, ಯಾರೂ ಫೋನ್ ತೆಗೆಯಲಿಲ್ಲ. ನನ್ನ ಸರದಿ ಮುಗಿದಾಗ ಮುದಿ ಗುರುಗಳು ಕೊಟ್ಟ ಪ್ರಾಯಶ್ಚಿತ್ತ ಚಿಕ್ಕದು: "ಹತ್ತು ನಿಮಿಷ ಪರಮಪ್ರಸಾದದ ಮುಂದೆ ಕೂತುಕೊಳ್ಳಿ. ಏನೂ ಕೇಳಬೇಡಿ." ಬೇಡಿಕೆಯಿಲ್ಲದ ಪ್ರಾರ್ಥನೆ ಎಷ್ಟು ಹಗುರವೆಂದು ಅಲ್ಲಿ ತಿಳಿಯಿತು.

24ರ ರಾತ್ರಿ ಚರ್ಚಿನ ಮೈದಾನದಲ್ಲಿ ಬಲಿಪೂಜೆ. ಹೆಂಡತಿ, ಮಕ್ಕಳು ಬಂದಿದ್ದರು. ಕೊಂಕಣಿ ನನಗೆ ಅಷ್ಟಕ್ಕಷ್ಟೇ. ಆದರೂ ಗಂಟೆಗಳು ಮೊಳಗಿ, ವಾರಗಟ್ಟಲೆ ತಡೆಹಿಡಿದಿದ್ದ ಗ್ಲೋರಿಯಾ ಸಾವಿರ ಕೊರಳುಗಳಲ್ಲಿ ಎದ್ದಾಗ ಮೈ ಜುಮ್ಮೆಂದಿತು. ಕಾದದ್ದಕ್ಕೇ ಅದಕ್ಕೆ ಅಷ್ಟು ತೂಕ.

ಬೆಂಗಳೂರಿಗೆ ಮರಳಿದರೆ ಅದೇ ಟ್ರಾಫಿಕ್, ಅದೇ ಲೆಕ್ಕಪತ್ರ. ಗದ್ದಲ ಮುಗಿದ ಮೇಲೆ ಸಿಗುವುದು ವಿಶ್ರಾಂತಿ ಮಾತ್ರ. ಶಾಂತಿಯನ್ನು ಗದ್ದಲದ ನಡುವೆಯೇ ದಿನಕ್ಕಿಷ್ಟೆಂದು ಪಡೆಯಬೇಕು. ಡಿಸೆಂಬರಿನಲ್ಲಿ ಮಂಗಳೂರಿಗೆ ಹೋಗುವವರು ಹಬ್ಬಕ್ಕೆ ಎರಡು ದಿನ ಮೊದಲೇ ಹೋಗಿ, ಚಾಪೆಲಿನಲ್ಲಿ ಒಂದಿಷ್ಟು ಹೊತ್ತು ಕೂತು ಬನ್ನಿ. ಈ ವರ್ಷ ತಪ್ಪಿಹೋಯಿತೆಂದು 26ಕ್ಕೇ ಗೋದಲಿ ಬಿಚ್ಚಬೇಡಿ. ಧರ್ಮಸಭೆಯ ಲೆಕ್ಕದಲ್ಲಿ ಕ್ರಿಸ್ಮಸ್ ಕಾಲ ಜನವರಿಯಲ್ಲಿ ಬರುವ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ಇದೆ.