ಪಾಳಿ

ಕಳೆದ ಜೂನ್ ತಿಂಗಳಲ್ಲಿ ನೀಟ್ ಫಲಿತಾಂಶ ಬಂದ ಸಂಜೆ ಕೊಂಢವಾದ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಸರ್ಕಾರಿ ಕಾಲೇಜಿನ ಸೀಟಿಗೆ ಮಗಳ ಅಂಕಗಳು ಸಾಲುವಂತಿರಲಿಲ್ಲ. ಖಾಸಗಿ ಕಾಲೇಜಿನ ಶುಲ್ಕ ಕೇಂದ್ರ ಸರ್ಕಾರದ ನೌಕರನ ಸಂಬಳಕ್ಕೆ ಎಟುಕುವಂತಿರಲಿಲ್ಲ. ಇನ್ನೊಂದು ವರ್ಷ ಓದಿ ಮತ್ತೆ ಬರೆಯುವುದೆಂದು ತೀರ್ಮಾನವಾಯಿತು. ಎರಡು ದಿನ ಬಿಟ್ಟು ಮಗಳು ನಮ್ಮೆದುರು ಕುಳಿತು, “ಅಪ್ಪಾ, ಓದೂದು ಓದ್ತೀನಿ. ಆದ್ರ ಮುಂಜಾನೆ ಹೊತ್ತು ಯಾವುದರೆ ದವಾಖಾನ್ಯಾಗ ಕೆಲಸಾ ಮಾಡ್ತೀನಿ, ಪಗಾರ ತಗೊಂಡು” ಎಂದಳು.

ಈ ವಿಚಾರ ಅವಳಿಗೆ ಹೊಳೆದದ್ದು ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗಳ ಮಾತಿನಿಂದ. ಅಲ್ಲಿ ಪದವಿ ಮುಗಿಸಿದ ಮೇಲೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವುದು ರೂಢಿ. ಅರ್ಜಿದಾರರು ಅದಕ್ಕೆ ಮೊದಲೇ ರೋಗಿಗಳ ನಡುವೆ ಒಂದಷ್ಟು ಕಾಲ ಕಳೆದಿರಬೇಕೆಂದು ಕಾಲೇಜುಗಳು ಬಯಸುತ್ತವೆ. ಹಾಗಾಗಿ ಎಷ್ಟೋ ಹುಡುಗ ಹುಡುಗಿಯರು ವೈದ್ಯರ ಮಾತನ್ನು ದಾಖಲಿಸುವ ಸ್ಕ್ರೈಬ್‌ಗಳಾಗಿ, ನರ್ಸಿಂಗ್ ಸಹಾಯಕರಾಗಿ, ಆಂಬುಲೆನ್ಸ್ ಸಿಬ್ಬಂದಿಯಾಗಿ ದುಡಿಯುತ್ತಾರೆ. ನಮ್ಮಲ್ಲಿ ಇದು ಯಾವುದೂ ಬೇಕಿಲ್ಲ. ಹದಿನೇಳು ತುಂಬಿ, ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದಿ, ಮೂರು ಗಂಟೆಯಲ್ಲಿ 180 ಪ್ರಶ್ನೆಗಳನ್ನು ಎದುರಿಸಿದರಾಯಿತು. ರೋಗಿಯ ಮಗ್ಗುಲಲ್ಲಿ ಒಂದು ಗಳಿಗೆಯೂ ನಿಲ್ಲದವರು 720ಕ್ಕೆ ಹತ್ತಿರದ ಅಂಕ ಪಡೆಯಬಹುದು. 2019ರ ಹೊಸ ಪಠ್ಯಕ್ರಮ ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳನ್ನು ರೋಗಿಗಳ ಬಳಿಗೆ ಒಯ್ಯುತ್ತದೆ, ನಿಜ. ಆದರೆ ಅದು ಸೀಟು ಸಿಕ್ಕವರ ಮಾತು.

ನಾವು ಒಪ್ಪಲಿಲ್ಲ. ಓದಿನ ವೇಳೆ ಹಾಳಾಗುತ್ತದೆ ಎಂದೆವು. ಒಳಗಿನ ಕಾರಣ ಬೇರೆಯಿತ್ತು: ಕಚೇರಿಯಲ್ಲಿ ಯಾರಾದರೂ ಕೇಳಿದರೆ ಮಗಳು ಆಯಾ ಕೆಲಸ ಮಾಡುತ್ತಾಳೆಂದು ಹೇಳುವುದು ಹೇಗೆ? ಇಂಗ್ಲಿಷ್ ಎಂ.ಎ. ಓದುವಾಗ ಕೀಟ್ಸ್ ಕವಿಯನ್ನು ಬಾಯಿಪಾಠ ಮಾಡಿದವರು ನಾವು. ಅವನು ಹದಿಹರೆಯದಲ್ಲೇ ವೈದ್ಯನೊಬ್ಬನ ಕೈಕೆಳಗೆ ಕೆಲಸ ಕಲಿತು, 1815ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆ ಸೇರಿ, ಮರುವರ್ಷ ಗಾಯಗಳಿಗೆ ಪಟ್ಟಿ ಕಟ್ಟುವ ಡ್ರೆಸರ್ ಆಗಿದ್ದನೆಂಬುದನ್ನು ಪರೀಕ್ಷೆಯಲ್ಲಿ ಹೆಮ್ಮೆಯಿಂದ ಬರೆದಿದ್ದೆವು. ಕವಿಗೆ ಒಪ್ಪಿದ ಕೆಲಸ ಮಗಳಿಗೆ ಒಪ್ಪದಾಯಿತು.

ಅವಳು ಪಟ್ಟು ಬಿಡಲಿಲ್ಲ. ಹುಡುಕಾಟಕ್ಕೆ ಸ್ಕೂಟರಿನಲ್ಲಿ ಕರೆದೊಯ್ದವರೂ ನಾವೇ. ಎನ್.ಐ.ಬಿ.ಎಂ. ರಸ್ತೆಯಿಂದ ಕೊಂಢವಾ ಬುದ್ರುಕ್‌ವರೆಗೆ ಒಂದು ವಾರ ಅಲೆದೆವು. ದೊಡ್ಡ ಆಸ್ಪತ್ರೆಯೊಂದರಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿಯ ಪ್ರಮಾಣಪತ್ರ ಕೇಳಿದರು. ಇನ್ನೊಂದೆಡೆ, ಆರು ತಿಂಗಳಲ್ಲಿ ಬಿಟ್ಟುಹೋಗುವವಳಿಗೆ ಕಲಿಸುವುದೇಕೆ ಎಂದರು. ಆ ಪ್ರಶ್ನೆ ನ್ಯಾಯವಾದದ್ದೇ. ಮತ್ತೊಂದೆಡೆ, ಕೆಲಸ ಬೇಡ, ಇಷ್ಟು ಹಣ ಕೊಟ್ಟರೆ ಅನುಭವದ ಪತ್ರ ಕೊಡುತ್ತೇವೆ ಎಂದರು. ಕೊನೆಗೆ ಸಣ್ಣ ನರ್ಸಿಂಗ್ ಹೋಮ್ ಒಂದು ಬೆಳಗಿನ ಎಂಟರಿಂದ ಎರಡರವರೆಗೆ, ತಿಂಗಳಿಗೆ ಏಳು ಸಾವಿರಕ್ಕೆ ಸೇರಿಸಿಕೊಂಡಿತು. ಹದಿನೆಂಟು ತುಂಬಿದ ದಾಖಲೆ ಕೇಳಿದರು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳಲ್ಲಿ ಮೊದಲನೆಯದನ್ನು ಅಂದೇ ಹಾಕಿಸಿದರು.

ಪುಣೆಯ ಆಸ್ಪತ್ರೆಗಳಲ್ಲಿ ಆಯಾಗಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾರೆ. ಅಂಥ ಹಿರಿಯ ಮಾವಶಿಯೊಬ್ಬರು ಮಗಳಿಗೆ ಗುರುವಾದರು. ರಕ್ತ ಹತ್ತಿದ ಹತ್ತಿ ಹಳದಿ ಡಬ್ಬಕ್ಕೆ, ಸಲೈನ್ ನಳಿಕೆ ಕೆಂಪಿಗೆ, ಸೂಜಿ ಚುಚ್ಚಿ ಹೊರಬರದಂಥ ಬಿಳಿಯ ಡಬ್ಬಕ್ಕೆ, ಗಾಜು ನೀಲಿಗೆ: ಇದು ಮೊದಲ ದಿನದ ಪಾಠ. ಎದ್ದೇಳಲಾಗದವರನ್ನು ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಇಡುವುದು, ಜ್ವರ ನೋಡಿ ಬರೆಯುವುದು ಆಮೇಲಿನವು. ಇಂಜೆಕ್ಷನ್, ಔಷಧಗಳನ್ನು ಮುಟ್ಟುವಂತಿರಲಿಲ್ಲ. ಮೊದಲ ವಾರ ಮನೆಗೆ ಬಂದು ಊಟ ಮಾಡದೆ ಮಲಗಿದಳು. ಸಾಕು ಬಿಡು ಎಂಬ ಮಾತು ನಮ್ಮ ನಾಲಿಗೆಯ ತುದಿಗೆ ಬಂದಿತ್ತು.

ಕೊಂಢವಾದಲ್ಲಿ ಏಳುತ್ತಿರುವ ಕಟ್ಟಡಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯ ನಮ್ಮ ಜನ ಬಹಳ. ಸೆಪ್ಟೆಂಬರಿನಲ್ಲಿ ಅಂಥ ಒಬ್ಬ ಹೆಣ್ಣುಮಗಳು ಹೊಟ್ಟೆನೋವೆಂದು ಬಂದಳು. ಎಕ್ಸ್-ರೇಗೆ ಕಳಿಸುವ ಮುನ್ನ ವೈದ್ಯರು ಮರಾಠಿಯಲ್ಲಿ, “ಪಾಳೀ ಆಲೀ ಕಾ?” ಎಂದು ಕೇಳಿದರು. ಮರಾಠಿಯಲ್ಲಿ ಪಾಳಿ ಎಂದರೆ ತಿಂಗಳ ಮುಟ್ಟು. ನಮ್ಮ ಸೀಮೆಯಲ್ಲಿ ಪಾಳಿ ಎಂದರೆ ಸರದಿ. ತನ್ನ ಸರದಿ ಬಂತೇ ಎಂದು ಕೇಳುತ್ತಿದ್ದಾರೆಂದು ತಿಳಿದ ಆಕೆ “ಹಾಂ, ಬಂತ್ರೀ” ಎಂದಳು. ಗಾಲಿಕುರ್ಚಿ ಹಿಡಿದು ನಿಂತಿದ್ದ ಮಗಳಿಗೆ ಅನುಮಾನ ಬಂತು. ಧಾರವಾಡದ ಅಜ್ಜಿಯ ಮಾತು ನೆನೆದು, “ಅಕ್ಕಾ, ಹೊರಗ ಕುಂತು ಎಷ್ಟ ದಿನಾ ಆತು?” ಎಂದು ಮೆಲ್ಲಗೆ ಕೇಳಿದಳು. “ಎರಡ ತಿಂಗಳಾತವ್ವಾ” ಎಂದಳು ಆಕೆ. ಎಕ್ಸ್-ರೇ ನಿಂತಿತು, ಸೋನೋಗ್ರಫಿಗೆ ಕಳಿಸಿದರು, ಆಕೆ ಬಸುರಿಯಾಗಿದ್ದಳು.

ಪರಭಾಷೆಯ ಊರಿನಲ್ಲಿ ಮಕ್ಕಳಿಗೆ ಕನ್ನಡ ಏಕೆ ಕಲಿಸಬೇಕೆಂದು ಸಂಘದ ಸಭೆಗಳಲ್ಲಿ ನಾವು ಎಷ್ಟೋ ಭಾಷಣ ಮಾಡಿದ್ದೇವೆ. ಅವುಗಳಲ್ಲಿ ಈ ಕಾರಣ ಒಮ್ಮೆಯೂ ಬಂದಿರಲಿಲ್ಲ.

ಇದಕ್ಕೆಲ್ಲ ಬೆಲೆಯೂ ಇತ್ತು. ಅಣಕು ಪರೀಕ್ಷೆಗಳಲ್ಲಿ ಭೌತಶಾಸ್ತ್ರದ ಅಂಕಗಳು ಇಳಿದವು. ಜನವರಿಯಲ್ಲಿ ಕೊನೆಯ ಡೋಸು ಮುಗಿಸಿ ಅವಳೇ ಕೆಲಸ ಬಿಟ್ಟು ಪುಸ್ತಕಗಳಿಗೆ ಮರಳಿದಳು. ಈ ಆರು ತಿಂಗಳಿಗೆ ನೀಟ್ ಒಂದು ಅಂಕವನ್ನೂ ಕೊಡುವುದಿಲ್ಲ; ಅವಳ ಜಾಗದಲ್ಲಿ ಓದುತ್ತಲೇ ಇದ್ದ ಇನ್ನೊಬ್ಬರು ಮುಂದೆ ಹೋದರೆ ನಾವು ದೂರುವಂತಿಲ್ಲ. ನೀಟ್ ಅರ್ಜಿಯ ಶುಲ್ಕವನ್ನು ಅವಳು ತನ್ನ ಪಗಾರದಲ್ಲೇ ಕಟ್ಟಿದಳು. ಅದರ ಬೆನ್ನಿಗೇ, “ಬಿ.ಎಸ್ಸಿ. ನರ್ಸಿಂಗ್ ಸಿಇಟಿ ಫಾರ್ಮೂ ತುಂಬ್ತೀನಿ, ಅಪ್ಪಾ. ಡಾಕ್ಟರ್ ಆಗದಿದ್ರೂ ನಾ ವಾರ್ಡಿನ್ಯಾಗ ಇರಾಕಿ” ಎಂದಳು.

ಜೂನ್ ತಿಂಗಳಾಗಿದ್ದರೆ ನಾವು ಏನೆನ್ನುತ್ತಿದ್ದೆವೋ ನಮಗೆ ಗೊತ್ತು. ಈಗ ಕನ್ನಡಕ ಹಾಕಿಕೊಂಡು ಅವಳ ಪಕ್ಕದಲ್ಲಿ ಕುಳಿತು, ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ನೋಡಿಕೊಟ್ಟೆವು.