ಸ್ಯಾಟಿನ್ನಿನಲ್ಲಿ ಸುತ್ತಿಟ್ಟ ಒಡಕು ದನಿ

ಜಾಝ್ ಕೇಳುವವರಲ್ಲಿ ಎರಡು ಪಂಗಡ. 'ಲೇಡಿ ಇನ್ ಸ್ಯಾಟಿನ್' ಅಂದರೆ ಜೀವ ಬಿಡುವವರು ಒಂದು, ಅದನ್ನು ಪೂರ್ತಿ ಕೇಳೋಕೇ ಆಗಲ್ಲಪ್ಪಾ ಅನ್ನುವವರು ಇನ್ನೊಂದು. ನಾನು ಮೊದಲನೇ ಪಂಗಡದವನು. ಆದರೆ ನಮ್ಮವರು ಅದನ್ನು ಹೊಗಳುವ ರೀತಿ ಇದೆಯಲ್ಲ, ಅದರ ಬಗ್ಗೆ ನನಗೊಂದು ತಕರಾರಿದೆ. ಇವತ್ತು ಅದನ್ನೇ ಬರೆದುಬಿಡೋಣ ಅನ್ನಿಸಿತು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಅದು ಬಿಲ್ಲಿ ಹಾಲಿಡೇ 1958ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡ್ ಮಾಡಿದ ಆಲ್ಬಮ್. ಹನ್ನೆರಡು ಹಾಡು. ಎಲ್ಲವೂ ಆ ಕಾಲದ ಜನಪ್ರಿಯ ಗೀತೆಗಳು... ರಾಡ್ಜರ್ಸ್-ಹಾರ್ಟ್ ಜೋಡಿಯದು, ಹೋಗಿ ಕಾರ್ಮೈಕೇಲನದು, ಸಿನಾತ್ರಾ ಹಾಡಿ ಹೆಸರು ಮಾಡಿದ್ದು. ಒಂದನ್ನೂ ಆಕೆ ಅದಕ್ಕೆ ಮುಂಚೆ ರೆಕಾರ್ಡ್ ಮಾಡಿರಲಿಲ್ಲ. ವಾದ್ಯಗೋಷ್ಠಿ ರೇ ಎಲ್ಲಿಸ್‌ನದು. ವಯಲಿನ್ನುಗಳ ದೊಡ್ಡ ಹಿಂಡು, ಹಾರ್ಪ್, ಹಿಂದೆ ಹೆಣ್ಣು ದನಿಗಳ ಆಲಾಪ. ಸಿನಿಮಾ ಸಂಗೀತದಷ್ಟು ನುಣುಪು. ಹೆಸರಲ್ಲೇ ಇದೆಯಲ್ಲ, ಸ್ಯಾಟಿನ್!

ಅದರ ಮಧ್ಯೆ ಈ ದನಿ. ಆಗ ಆಕೆಗೆ ಬರೀ 42 ವರ್ಷ. ಕೇಳಿದರೆ ಎಪ್ಪತ್ತು ಅನ್ನಿಸುತ್ತೆ. ಒರಟು, ಸೀಳು, ಉಸಿರು ಸಾಲದೆ ಸಾಲಿನ ಕೊನೆಯಲ್ಲಿ ಕುಸಿಯುವ ಸ್ವರ. ನನ್ನ ಗೆಳೆಯನೊಬ್ಬನಿಗೆ ಕೇಳಿಸಿದೆ. ಎರಡನೇ ಹಾಡಿಗೆ ಇಯರ್‌ಫೋನ್ ತೆಗೆದು, "ಪಾಪ, ಈ ಅಜ್ಜಿಗೆ ಯಾರಾದ್ರೂ ಬಿಸಿನೀರು ಕೊಡಬಾರದಿತ್ತಾ?" ಅಂದ. ನಗು ಬಂತು. ಶ್ರುತಿಯಲ್ಲಿ ನಿಲ್ಲೋದೇ ಸಂಗೀತ ಅಂತ ಬೆಳೆದ ಕಿವಿಗೆ ಇನ್ನೇನನ್ನಿಸಬೇಕು?

ರೆಕಾರ್ಡಿಂಗ್ ಹೊತ್ತಲ್ಲಿ ರೇ ಎಲ್ಲಿಸ್‌ಗೂ ಸಮಾಧಾನ ಇರಲಿಲ್ಲ. ಆಮೇಲೆ ಪೂರ್ತಿ ಆಲ್ಬಮ್ ಕೂತು ಕೇಳಿದಾಗ ಅಭಿಪ್ರಾಯ ಬದಲಾಯಿತಂತೆ. ತಾನು ಸ್ವರಗಳನ್ನು ಕೇಳುತ್ತಿದ್ದೆ, ಭಾವವನ್ನಲ್ಲ ಅಂತ ಹೇಳಿಕೊಂಡ.

ಈಗ ನನ್ನ ತಕರಾರು. ಆಲ್ಬಮ್ ಮೆಚ್ಚುವವರು ಸಾಮಾನ್ಯವಾಗಿ ಹೇಳೋದು ಒಂದೇ ಮಾತು: "ಎಷ್ಟು ನೋವುಂಡವಳು! ಆ ನೋವೇ ಹಾಡಾಗಿದೆ." ಕೇಳೋಕೆ ಚೆನ್ನಾಗಿದೆ. ಆದರೆ ನೋವುಂಡವರೆಲ್ಲ ಹೀಗೆ ಹಾಡ್ತಾರಾ? ಹಾಗಿದ್ದರೆ ಪ್ರಪಂಚದ ತುಂಬಾ ಬಿಲ್ಲಿ ಹಾಲಿಡೇಗಳೇ ಇರಬೇಕಿತ್ತು.

1935ರ ಸುಮಾರಿಗೆ ಟೆಡ್ಡಿ ವಿಲ್ಸನ್ ಜೊತೆ ಮಾಡಿದ ರೆಕಾರ್ಡುಗಳನ್ನು ಹಾಕಿ ಕೇಳಿ. ಇಪ್ಪತ್ತರ ಹುಡುಗಿ, ಚುರುಕು ದನಿ, ತುಂಟತನ. ಆಗಲೂ ಆಕೆಯ ಕಂಠದ ವ್ಯಾಪ್ತಿ ದೊಡ್ಡದೇನಲ್ಲ. ಎಲ್ಲಾ ಫಿಟ್ಜೆರಾಲ್ಡ್ ಹಾಗೆ ಮೇಲಕ್ಕೂ ಕೆಳಕ್ಕೂ ಹಾರುವ ಕಂಠ ಈಕೆಗೆ ಯಾವತ್ತೂ ಇರಲಿಲ್ಲ. ಇದ್ದದ್ದು ಕಾಲದ ಲೆಕ್ಕ. ತಾಳ ಮುಂದೆ ಹೋಗುತ್ತಿರುತ್ತದೆ, ಈಕೆ ಕೂದಲೆಳೆಯಷ್ಟು ಹಿಂದೆ ಆರಾಮವಾಗಿ ಬರುತ್ತಾಳೆ. ತಪ್ಪಿಹೋಯ್ತು ಅಂದುಕೊಳ್ಳುವಷ್ಟರಲ್ಲಿ ಸರಿಯಾಗಿ ಬಂದು ಇಳಿಯುತ್ತಾಳೆ. ಯಾವ ಪದವನ್ನು ನುಂಗಬೇಕು, ಯಾವುದನ್ನು ಬಿಡಿಸಿ ಹೇಳಬೇಕು ಅನ್ನೋದು ಗೊತ್ತು.

1958ಕ್ಕೆ ಮೆರುಗು ಹೋಗಿತ್ತು, ಉಸಿರು ಹೋಗಿತ್ತು. ಈ ಲೆಕ್ಕ ಮಾತ್ರ ಹೋಗಿರಲಿಲ್ಲ. 'ಯೂವ್ ಚೇಂಜ್ಡ್' ಕೇಳುವಾಗ ಗಮನಿಸಿ. ವಯಲಿನ್ನುಗಳು ಒಂದು ಕಡೆ ಹರಿಯುತ್ತಿವೆ, ಈಕೆ ಜಗಳ ಮುಗಿದ ಮೇಲೆ ಮೆಲ್ಲಗೆ ಮಾತಾಡುವವರ ಹಾಗೆ ಪದಗಳನ್ನು ಒಂದೊಂದಾಗಿ ಕೆಳಗಿಡುತ್ತಾಳೆ. ಇಲ್ಲಿ ಅಳು ಇಲ್ಲ. ಉಳಿದಿರುವ ನಾಲ್ಕು ಕಾಸಿನಲ್ಲೇ ಸಂಸಾರ ತೂಗಿಸುವ ಜಾಣತನ ಇದೆ. ಇಪ್ಪತ್ತೈದು ವರ್ಷದ ಕಸುಬು ಅದು. ಅದನ್ನು 'ನೋವು' ಅಂತ ಕರೆದರೆ ಆಕೆಯ ದುಡಿಮೆಯನ್ನೇ ಕಡೆಗಣಿಸಿದ ಹಾಗಲ್ವಾ?

ಇನ್ನೊಂದು ವಿಷಯ. ಈ ನೋವೇನೂ ಆಕಾಶದಿಂದ ಬಿದ್ದದ್ದಲ್ಲ. 1947ರಲ್ಲಿ ಮಾದಕ ವಸ್ತು ಇಟ್ಟುಕೊಂಡ ಕೇಸಿನಲ್ಲಿ ಆಕೆಗೆ ಜೈಲಾಯಿತು. ಹೊರಗೆ ಬಂದ ಮೇಲೆ ನ್ಯೂಯಾರ್ಕ್ ಪೊಲೀಸರು 'ಕ್ಯಾಬರೆ ಕಾರ್ಡ್' ಕೊಡಲಿಲ್ಲ. ಅದಿಲ್ಲದೆ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡುವ ಹಾಗಿಲ್ಲ. ಕಾರ್ನೆಗಿ ಹಾಲಿನಲ್ಲಿ ಹಾಡಬಹುದು, ಆದರೆ ಬದುಕು ಕಟ್ಟಿಕೊಂಡ ಸಣ್ಣ ಕ್ಲಬ್ಬುಗಳಲ್ಲಿ ಹಾಡಬಾರದು! ಆ ಕಾರ್ಡಿನ ಪದ್ಧತಿ ರದ್ದಾಗಿದ್ದು 1967ರಲ್ಲಿ. ಅಷ್ಟೊತ್ತಿಗೆ ಆಕೆ ಹೋಗಿ ಎಂಟು ವರ್ಷ. 1959ರ ಜೂನಿನಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲೇ ಮತ್ತೆ ಬಂಧನ, ಜುಲೈ 17ಕ್ಕೆ ಸಾವು. ವಯಸ್ಸು 44.

ಹಾಗಾಗಿ "ನೋವಿನಿಂದಲೇ ಇಂಥ ಹಾಡು ಬಂತು" ಅಂದಾಗ ನನಗೆ ಕಸಿವಿಸಿ. ಆ ಮಾತಿನಲ್ಲಿ ನೋವು ಕೊಟ್ಟವರಿಗೂ ಸ್ವಲ್ಪ ಕ್ರೆಡಿಟ್ ಸಿಕ್ಕಿಬಿಡುತ್ತದೆ. ಅವರು ಕೊಟ್ಟಿದ್ದು ಏನೂ ಇಲ್ಲ. ಕಿತ್ತುಕೊಂಡಿದ್ದೇ ಜಾಸ್ತಿ. ಕಿತ್ತುಕೊಳ್ಳಲಾಗದೆ ಉಳಿದದ್ದು ಈ ಆಲ್ಬಮ್ಮಿನಲ್ಲಿದೆ.

ಕೇಳುವುದಾದರೆ ರಾತ್ರಿ ಕೇಳಿ, ಒಂದೇ ಸಲ ಹನ್ನೆರಡೂ ಬೇಡ. 'ಗ್ಲಾಡ್ ಟು ಬಿ ಅನ್‌ಹ್ಯಾಪಿ'ಯಿಂದ ಶುರು ಮಾಡಿ. ಮೊದಲ ಸಲಕ್ಕೆ ದನಿಯ ಒಡಕಷ್ಟೇ ಕೇಳಿಸುತ್ತೆ. ಪರವಾಗಿಲ್ಲ. ಎರಡನೇ ಸಲ ಆಕೆ ಎಲ್ಲಿ ನಿಧಾನಿಸುತ್ತಾಳೆ ಅನ್ನೋದನ್ನು ಮಾತ್ರ ನೋಡಿ. ಆಮೇಲೂ "ಪಾಪ" ಅನ್ನಿಸಿದರೆ ಹೇಳಿ, ಜಗಳ ಆಡೋಣ :)